ಕೊನೆಯ ಲಾಂಚ್ ಎಷ್ಟು ಹೊತ್ತಿಗೆ?

ಯುರೋಪಿನಲ್ಲಿ ಬಾರ್ಲೆ ಎಂಬ ಊರಿದೆ. ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು ಜನ. ಒಂದೇ ಪೇಟೆ, ಒಂದೇ ಭಾಷೆ, ಗೋಡೆಗೆ ಗೋಡೆ ತಾಗಿದ ಮನೆಗಳು. ದೇಶ ಮಾತ್ರ ಎರಡು. ನೆದರ್‌ಲೆಂಡ್ಸಿಗೆ ಸೇರಿದ ಭಾಗದ ಹೆಸರು ಬಾರ್ಲೆ-ನಸ್ಸೌ, ಬೆಲ್ಜಿಯಮ್ಮಿಗೆ ಸೇರಿದ ಭಾಗದ ಹೆಸರು ಬಾರ್ಲೆ-ಹೆರ್ಟೋಗ್. ಊರಿನ ನಡುವೆ ಒಂದು ಗೆರೆ ಎಳೆದು ಆಚೆಯದು ಅವರದ್ದು, ಈಚೆಯದು ಇವರದ್ದು ಎಂದು ಹೇಳುವಷ್ಟು ಸುಲಭವಾಗಿಲ್ಲ ಅದು. ನಮ್ಮ ಅಜ್ಜಿಯಂದಿರು ಹಳೆ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯುತ್ತಿದ್ದ ಕೌದಿಯನ್ನು ನೋಡಿದ್ದೀರಲ್ಲ, ಹಾಗಿದೆ. ನೆದರ್‌ಲೆಂಡ್ಸಿನ ನೆಲದ ನಡುವೆ ಬೆಲ್ಜಿಯಮ್ಮಿನ 22 ತುಂಡುಗಳು. ಆ ತುಂಡುಗಳ ಹೊಟ್ಟೆಯೊಳಗೆ ಮತ್ತೆ ನೆದರ್‌ಲೆಂಡ್ಸಿನ 7 ತುಂಡುಗಳು.

ಹಾಗಾದರೆ ಅಲ್ಲಿ ನಡೆಯುವವರಿಗೆ ತಾವು ಯಾವ ದೇಶದಲ್ಲಿದ್ದೇವೆ ಎಂದು ಗೊತ್ತಾಗುವುದು ಹೇಗೆ? ಅದಕ್ಕೆಂದೇ ಬೀದಿಯ ಮೇಲೆ ಬಿಳಿಯ ಕೂಡುವ ಗುರುತುಗಳನ್ನು ಸಾಲಾಗಿ ಹಾಕಿದ್ದಾರೆ. ಗುರುತಿನ ಒಂದು ಬದಿ ಬೆಲ್ಜಿಯಂ, ಇನ್ನೊಂದು ಬದಿ ನೆದರ್‌ಲೆಂಡ್ಸ್. ಮನೆಯ ನಂಬರಿನ ಫಲಕದಲ್ಲೇ ಆಯಾ ದೇಶದ ಬಾವುಟದ ಬಣ್ಣ ಇರುತ್ತದೆ. ಗೆರೆ ಮನೆಯ ನಡುವೆಯೇ ಹಾದುಹೋದರೆ? ಆಗ ಮನೆಯ ಎದುರು ಬಾಗಿಲು ಯಾವ ದೇಶದಲ್ಲಿದೆಯೋ ಮನೆಯೂ ಆ ದೇಶದ್ದು. ಅಡುಗೆಮನೆ, ಹಿತ್ತಿಲು ಎಲ್ಲಿದ್ದರೂ ಲೆಕ್ಕಕ್ಕಿಲ್ಲ. ಒಂದು ಮನೆಯಲ್ಲಂತೂ ಗೆರೆ ಎದುರು ಬಾಗಿಲಿನ ನಡುವೆಯೇ ಹಾಯುತ್ತದೆ. ಅದಕ್ಕೆ ಎರಡು ದೇಶಗಳ ಎರಡು ಮನೆ ನಂಬರು!

ಇಂಥ ತೇಪೆ ಶುರುವಾದದ್ದು 1198ರಲ್ಲಿ. ಬ್ರಬಾಂಟಿನ ಡ್ಯೂಕ್ ಒಬ್ಬ ಬ್ರೆಡಾ ಎಂಬಲ್ಲಿಯ ಪಾಳೆಯಗಾರನಿಗೆ ಈ ಸೀಮೆಯ ಭೂಮಿಯನ್ನು ಕೊಟ್ಟ, ಕೆಲವು ತುಂಡುಗಳನ್ನು ಮಾತ್ರ ತನಗೇ ಇಟ್ಟುಕೊಂಡ. ಆಗ ಅದು ಇಬ್ಬರು ಜಮೀನುದಾರರ ಹಂಚಿಕೆ ಅಷ್ಟೆ. ಆರುನೂರಕ್ಕೂ ಹೆಚ್ಚು ವರ್ಷ ಕಳೆದು, 1830ರಲ್ಲಿ ಬೆಲ್ಜಿಯಂ ಬೇರೆ ದೇಶವಾದಾಗ ಹಳೆಯ ಹಂಚಿಕೆ ದೇಶದ ಗಡಿಯಾಗಿ ನಿಂತಿತು. 1843ರಲ್ಲಿ ಎರಡೂ ದೇಶಗಳು ಗಡಿಯ ಒಪ್ಪಂದ ಮಾಡಿಕೊಂಡಾಗ ಬೇರೆ ಕಡೆ ನೇರವಾಗಿ ಗೆರೆ ಎಳೆದರು. ಬಾರ್ಲೆಯಲ್ಲಿ ಮಾತ್ರ ಅದು ಆಗಲಿಲ್ಲ. ಒಂದೊಂದೇ ಹೊಲ, ಒಂದೊಂದೇ ಹಿತ್ತಿಲನ್ನು ಹೆಸರಿಸಿ, ಇದು ಯಾರದ್ದು ಎಂದು ಪಟ್ಟಿ ಮಾಡಬೇಕಾಯಿತು. ಕೊನೆಯ ತುಂಡಿನ ತಕರಾರು ಬಗೆಹರಿದದ್ದು 1995ರಲ್ಲಿ.

ಕೆಲವು ವರ್ಷಗಳ ಹಿಂದೆ ಈ ಕಥೆಯನ್ನು ನಮ್ಮೂರಿನ ಶಾಲೆಯ ಮಕ್ಕಳಿಗೆ ಹೇಳಿದ್ದೆ. ಎರಡು ನಂಬರಿನ ಮನೆಯ ಕಥೆಗೆ ಎಲ್ಲರೂ ನಕ್ಕರು. ಮಲಗುವಾಗ ತಲೆ ಒಂದು ದೇಶದಲ್ಲಿ, ಕಾಲು ಇನ್ನೊಂದು ದೇಶದಲ್ಲಿ ಇಡಬಹುದಾ ಎಂದು ಒಬ್ಬ ಹುಡುಗ ಕೇಳಿದ. ಐದನೇ ಕ್ಲಾಸಿನ ಒಬ್ಬಳು ಮಾತ್ರ ನಗಲಿಲ್ಲ. ಯೋಚಿಸಿ, ಎದ್ದು ನಿಂತು ಕೇಳಿದಳು: “ಸರ್, ಅಲ್ಲಿ ಕೊನೇ ಲಾಂಚ್ ಎಷ್ಟೊತ್ತಿಗೆ?”

ಬೇರೆ ಊರಿನ ಶಾಲೆಯಾಗಿದ್ದರೆ ಆ ಪ್ರಶ್ನೆಗೂ ಮಕ್ಕಳು ನಗುತ್ತಿದ್ದರು. ನಮ್ಮೂರಿನಲ್ಲಿ ಯಾರೂ ನಗಲಿಲ್ಲ. ಎಲ್ಲರೂ ನನ್ನ ಉತ್ತರಕ್ಕೆ ಕಾದರು. ಏಕೆಂದರೆ ನಮ್ಮೂರು ತುಮರಿ.

ತುಮರಿಯ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಶರಾವತಿ ನದಿ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ತಾಲೂಕನ್ನು ಹಾದು, ಸಾಗರ ತಾಲೂಕಿನ ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ತುಮರಿ ಇರುವುದು ಸಾಗರ ತಾಲೂಕಿನ ಕರೂರು ಹೋಬಳಿಯಲ್ಲಿ, ನದಿಯ ಆಚೆ ದಡದಲ್ಲಿ. ಮೊದಲು ಈ ನದಿ ನಮ್ಮ ಹಿರಿಯರಿಗೆ ಒಂದು ಹೊಳೆ ಮಾತ್ರವಾಗಿತ್ತು. ಹೊಳೆಯ ಎರಡೂ ಬದಿಯಲ್ಲಿ ಗದ್ದೆ, ಅಡಿಕೆ ತೋಟ, ದೇವಸ್ಥಾನ, ನೆಂಟರು. ಈ ಬದಿಯ ಹುಡುಗಿಯನ್ನು ಆ ಬದಿಗೆ ಕೊಡುವುದು, ಆ ಬದಿಯ ಎತ್ತನ್ನು ಈ ಬದಿಗೆ ತರುವುದು ಎಲ್ಲವೂ ಮಾಮೂಲು. ಮಳೆಗಾಲದಲ್ಲಿ ದೋಣಿ, ಬೇಸಿಗೆಯಲ್ಲಿ ನೀರು ಕಡಿಮೆ ಇದ್ದ ಕಡೆ ಕಾಲ್ನಡಿಗೆ.

ಆಮೇಲೆ ವಿದ್ಯುತ್ತಿನ ಕಾಲ ಬಂತು. ಜೋಗದ ನೀರಿನಿಂದ ವಿದ್ಯುತ್ ತೆಗೆಯಲು ಮೈಸೂರು ಸಂಸ್ಥಾನ ಮೊದಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿತು. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಶುರುವಾಯಿತು. ರಾಜ್ಯಕ್ಕೆ ಅಷ್ಟು ವಿದ್ಯುತ್ ಸಾಲದಾದಾಗ ಇನ್ನೂ ದೊಡ್ಡದಾಗಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದರು. ಅದು ಮುಗಿದದ್ದು 1964ರಲ್ಲಿ. ಜಲಾಶಯ ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1,819 ಅಡಿ. ನೀರು ಹರಡುವ ಜಾಗ ಸುಮಾರು 300 ಚದರ ಕಿಲೋಮೀಟರ್. ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಈಗಲೂ ತಲೆ ಎತ್ತುತ್ತದೆ.

ಹೀಗೆ ನಮ್ಮ ಕಡೆ ಗಡಿಯ ಗೆರೆಯನ್ನು ಯಾವ ರಾಜನೂ ಎಳೆಯಲಿಲ್ಲ, ನೀರು ಎಳೆಯಿತು. ಕಣಿವೆಗಳಲ್ಲಿದ್ದ ಊರುಗಳು ಹೋದವು. ಜನರನ್ನು ಲಾರಿಗಳಲ್ಲಿ ತುಂಬಿ ಜಿಲ್ಲೆಯ ಬೇರೆ ಬೇರೆ ಕಾಡುಗಳ ಅಂಚಿಗೆ ಕಳಿಸಿದರು. ಎತ್ತರದಲ್ಲಿದ್ದ ತುಮರಿಯಂಥ ಊರುಗಳು ಉಳಿದುಕೊಂಡವು, ಆದರೆ ಉಳಿದದ್ದು ನೀರಿನ ಆಚೆ. ಪತ್ರಿಕೆಗಳು ನಮ್ಮದನ್ನು ದ್ವೀಪ ಎಂದು ಬರೆಯುತ್ತವೆ. ಸರಿಯಾಗಿ ನೋಡಿದರೆ ದ್ವೀಪವಲ್ಲ. ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಘಟ್ಟದ ಕಾಡು. ಕಾಡಿನ ದಾರಿಯಲ್ಲಿ ನಿಟ್ಟೂರು, ಹೊಸನಗರದ ಮೇಲೆ ಗಂಟೆಗಟ್ಟಲೆ ಸುತ್ತಿದರೆ ಸಾಗರ ಸಿಗುತ್ತದೆ. ನೇರ ದಾರಿ ಬೇಕೆಂದರೆ ಕಳಸವಳ್ಳಿ ದಡಕ್ಕೆ ಹೋಗಿ, ಎದುರಿನ ಅಂಬಾರಗೋಡ್ಲು ದಡಕ್ಕೆ ನೀರು ದಾಟಬೇಕು. ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಅಲ್ಲಿ ಓಡಾಡುತ್ತಿದ್ದುದೇ ಲಾಂಚ್.

ಲಾಂಚ್ ಎಂದರೆ ಚಪ್ಪಟೆಯಾದ ದೊಡ್ಡ ಕಬ್ಬಿಣದ ತಟ್ಟೆ ಎಂದುಕೊಳ್ಳಿ. ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಹಾಲಿನ ಕ್ಯಾನು, ಮದುವೆ ದಿಬ್ಬಣ, ದನ ಕರು ಎಲ್ಲವೂ ಅದರ ಮೇಲೆಯೇ. ಒಳನಾಡು ಜಲಸಾರಿಗೆಯವರು ನಡೆಸುತ್ತಿದ್ದರು. ಬೆಂಗಳೂರಿನಿಂದ ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಬಂದವರಿಗೆ ಅದೊಂದು ಸಂಭ್ರಮ. ನಡುನೀರಿನಲ್ಲಿ ನಿಂತು ಫೋಟೋ ತೆಗೆಸಿಕೊಂಡು, “ಎಷ್ಟು ಪುಣ್ಯವಂತರು ನೀವು, ದಿನಾ ಬೋಟಿಂಗು” ಎಂದು ನಮಗೆ ಹೇಳುತ್ತಿದ್ದರು. ನಾವು ನಗುತ್ತಿದ್ದೆವು. ನಮ್ಮ ಕಣ್ಣು ಮಾತ್ರ ಕೈಗಡಿಯಾರದ ಮೇಲೆ ಇರುತ್ತಿತ್ತು.

ಏಕೆಂದರೆ ಇಲ್ಲಿಯ ದಿನವನ್ನು ಲಾಂಚ್ ಅಳೆಯುತ್ತಿತ್ತು. ಸಾಗರದಲ್ಲಿ ಎಷ್ಟೇ ಕೆಲಸವಿರಲಿ, ಸಂಜೆಯ ಕೊನೆಯ ಲಾಂಚಿಗೆ ದಡಕ್ಕೆ ಬರಬೇಕು. ಹಾಗಾಗಿ ತಾಲೂಕು ಕಚೇರಿಯಲ್ಲಿ “ನಾಲ್ಕು ಗಂಟೆ ಮೇಲೆ ಬನ್ನಿ” ಎಂದರೆ ನಮಗೆ ಅದು “ನಾಳೆ ಬನ್ನಿ” ಎಂದ ಹಾಗೆ. ಸಾಗರದ ಕಾಲೇಜಿಗೆ ಹೋಗುವ ಮಕ್ಕಳಿಗೆ ಕೊನೆಯ ತರಗತಿ ಯಾವಾಗಲೂ ಅರ್ಧ. ಮಳೆಗಾಲದಲ್ಲಿ ಗಾಳಿ ಜೋರಾದರೆ ಲಾಂಚ್ ನಿಲ್ಲುತ್ತಿತ್ತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ಇಳಿದರೆ ದಡಕ್ಕೆ ತಾಗಲಾಗದೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ನೀರು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ರಜೆಯ ದಿನಗಳಲ್ಲಿ ಸಿಗಂದೂರಿಗೆ ಬಂದ ಕಾರುಗಳ ಸಾಲು ಉದ್ದವಾದರೆ, ಮನೆಗೆ ಹಾಲು ತೆಗೆದುಕೊಂಡು ಹೋಗುವವನೂ ಅದೇ ಸಾಲಿನ ಬಾಲ ಹಿಡಿಯಬೇಕು.

ಮೂರು ವರ್ಷಕ್ಕೊಮ್ಮೆ ಸಾಗರದಲ್ಲಿ ಮಾರಿಕಾಂಬಾ ಜಾತ್ರೆ. ಅದರ ಚೆಂದವಿರುವುದು ರಾತ್ರಿಯ ದೀಪ, ತೊಟ್ಟಿಲು, ಅಂಗಡಿಗಳಲ್ಲಿ. ನಮ್ಮ ಮಕ್ಕಳು ಜಾತ್ರೆಯನ್ನು ಹಗಲು ಬಿಸಿಲಿನಲ್ಲಿ ನೋಡಿ ಬರುತ್ತಿದ್ದರು. ರಾತ್ರಿ ನೋಡಬೇಕೆಂದರೆ ಸಾಗರದಲ್ಲಿ ನೆಂಟರಿರಬೇಕು. ಹಾಗೆ ಪ್ರತಿ ಮನೆಗೂ ಆಚೆ ದಡದಲ್ಲಿ ಒಬ್ಬ ಚಿಕ್ಕಮ್ಮನೋ ಮಾವನೋ ಇದ್ದರು, ಇಲ್ಲದಿದ್ದರೆ ಮಾಡಿಕೊಳ್ಳುತ್ತಿದ್ದರು. ಲಾಂಚ್ ತಪ್ಪಿದವರಿಗೆ ಊಟ ಹಾಕಿ ಮಲಗಲು ಚಾಪೆ ಕೊಡುವುದು ಅಂಬಾರಗೋಡ್ಲು ಬದಿಯ ಮನೆಗಳಲ್ಲಿ ಒಂದು ಪದ್ಧತಿಯೇ ಆಗಿತ್ತು.

ಕಷ್ಟವೆಂದರೆ ಕಾಯಿಲೆ. ತುಮರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಜ್ವರ, ಗಾಯಕ್ಕೆ ಸಾಕು. ಹೆರಿಗೆ ಕಷ್ಟವಾದರೆ, ಹಾವು ಕಡಿದರೆ, ಎದೆ ನೋವು ಬಂದರೆ ದೊಡ್ಡ ಆಸ್ಪತ್ರೆ ಇರುವುದು ನೀರಿನ ಆಚೆ. ಹಗಲಾದರೆ ಹೇಗೋ ದಾಟಬಹುದು. ರಾತ್ರಿಯಾದರೆ ಲಾಂಚಿನವರನ್ನು ಎಬ್ಬಿಸಿ ಬೇಡಿಕೊಳ್ಳಬೇಕು, ಇಲ್ಲವೇ ಕಾಡಿನ ದಾರಿ ಸುತ್ತಬೇಕು. ಲಾಂಚಿನವರು ಎಷ್ಟೋ ಸಲ ನಡುರಾತ್ರಿ ಎದ್ದು ಬಂದಿದ್ದಾರೆ, ಆ ಉಪಕಾರವನ್ನು ಊರು ಮರೆಯುವುದಿಲ್ಲ. ಆದರೆ ಬಸುರಿ ಮಗಳನ್ನು ದಿನ ತುಂಬುವ ಮೊದಲೇ ಸಾಗರದ ನೆಂಟರ ಮನೆಯಲ್ಲಿ ಬಿಟ್ಟು ಬರುತ್ತಿದ್ದ ತಾಯಂದಿರ ಮನಸ್ಸಿನಲ್ಲಿ ಏನಿತ್ತು ಎಂದು ಯೋಚಿಸಿ. ಆ ಹುಡುಗಿ ನನಗೆ ಕೇಳಿದ ಪ್ರಶ್ನೆಯಲ್ಲಿ ಇದೆಲ್ಲವೂ ಇತ್ತು. ಗಡಿ ಎಲ್ಲಿದೆ ಎಂಬುದು ಅವಳಿಗೆ ಬೇಕಿರಲಿಲ್ಲ. ಅದನ್ನು ರಾತ್ರಿ ದಾಟಬಹುದೋ ಇಲ್ಲವೋ ಎಂಬುದು ಬೇಕಿತ್ತು.

ಬಾರ್ಲೆಯ ಮಟ್ಟಿಗೆ ನಾನು ಅವಳಿಗೆ ಕೊಟ್ಟ ಉತ್ತರ: “ಅಲ್ಲಿ ಕೊನೇ ಲಾಂಚ್ ಅಂತ ಇಲ್ಲ ಮಗಾ, ರಾತ್ರಿ ಹಗಲು ದಾಟಬಹುದು.” ಆದರೆ ಇದು ತಾನಾಗಿ ಆದದ್ದಲ್ಲ. ಒಂದು ಕಾಲದಲ್ಲಿ ಅಲ್ಲಿಯೂ ಗಡಿ ಗಡಿಯೇ ಆಗಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸೇನೆ ಬೆಲ್ಜಿಯಮ್ಮನ್ನು ಆಕ್ರಮಿಸಿತು; ನೆದರ್‌ಲೆಂಡ್ಸ್ ಯಾರ ಕಡೆಗೂ ಸೇರದೆ ಉಳಿಯಿತು. ಜನ ತಪ್ಪಿಸಿಕೊಂಡು ಹೋಗಬಾರದೆಂದು ಜರ್ಮನರು 1915ರಲ್ಲಿ ಎರಡು ದೇಶಗಳ ನಡುವೆ ವಿದ್ಯುತ್ ಹರಿಯುವ ತಂತಿ ಬೇಲಿ ಹಾಕಿದರು. ಅದನ್ನು ದಾಟಲು ಹೋಗಿ ಎಷ್ಟೋ ಜನ ಸತ್ತರು. ವಿಚಿತ್ರವೆಂದರೆ, ಬಾರ್ಲೆಯ ಬೆಲ್ಜಿಯಂ ತುಂಡುಗಳಿಗೆ ಬರಬೇಕೆಂದರೆ ಜರ್ಮನರು ನೆದರ್‌ಲೆಂಡ್ಸನ್ನು ದಾಟಬೇಕಿತ್ತು, ದಾಟುವ ಹಾಗಿರಲಿಲ್ಲ. ಹಾಗಾಗಿ ಆ ತುಂಡುಗಳು ಮಾತ್ರ ಅವರ ಕೈಗೆ ಸಿಗಲಿಲ್ಲ. ಅದೇ ಗೆರೆ ಕೆಲವರನ್ನು ಕೊಂದಿತು, ಕೆಲವರನ್ನು ಕಾಯಿತು.

ಯುದ್ಧಗಳ ನಂತರ ಎರಡೂ ದೇಶಗಳು ಒಂದೊಂದೇ ಅಡ್ಡಿಯನ್ನು ತೆಗೆಯುತ್ತ ಬಂದವು. ಮೊದಲು ಸುಂಕದ ಕಟ್ಟೆಗಳು ಸಡಿಲವಾದವು, ಆಮೇಲೆ ಪಾಸ್‌ಪೋರ್ಟ್ ತಪಾಸಣೆ ಹೋಯಿತು. 2002ರಲ್ಲಿ ಎರಡೂ ಕಡೆ ಯೂರೋ ಎಂಬ ಒಂದೇ ನಾಣ್ಯ ಬಂತು. ಊರಿಗೆ ಈಗಲೂ ಇಬ್ಬರು ಮೇಯರ್, ಎರಡು ಪುರಸಭೆ. ಆದರೆ ರಸ್ತೆ ಅಗೆಯುವಂಥ ಕೆಲಸ ಒಬ್ಬರೇ ಮಾಡಿದರೆ ಆಗುವುದಿಲ್ಲ, ಏಕೆಂದರೆ ಒಂದೇ ರಸ್ತೆ ನಾಲ್ಕು ಸಲ ದೇಶ ಬದಲಿಸಬಹುದು. ಅದಕ್ಕೆ ಎರಡೂ ಪುರಸಭೆಗಳು ಕೂಡಿ ಕೂತು ತೀರ್ಮಾನಿಸುವ ಜಂಟಿ ವ್ಯವಸ್ಥೆ 1998ರಿಂದ ಇದೆ. ಇಷ್ಟಾದರೂ ಗೆರೆ ಅಳಿಸಿಲ್ಲ. 2020ರಲ್ಲಿ ಕೊರೋನಾ ಬಂದಾಗ ಬೆಲ್ಜಿಯಂ ಬಟ್ಟೆ ಅಂಗಡಿಗಳನ್ನು ಮುಚ್ಚಿಸಿತು, ನೆದರ್‌ಲೆಂಡ್ಸ್ ಮುಚ್ಚಿಸಲಿಲ್ಲ. ಗಡಿ ನಡುವೆ ಹಾದುಹೋಗುವ ಒಂದು ಬಟ್ಟೆ ಅಂಗಡಿಯಲ್ಲಿ ಅರ್ಧ ಭಾಗಕ್ಕೆ ಪಟ್ಟಿ ಕಟ್ಟಿ, ಉಳಿದರ್ಧದಲ್ಲಿ ವ್ಯಾಪಾರ ಮಾಡಿದರು!

ಬಾರ್ಲೆಯ ಹಾಗಿನ ಕೌದಿ ನಮ್ಮ ದೇಶದಲ್ಲೂ ಇತ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಪಶ್ಚಿಮ ಬಂಗಾಳದ ಕೂಚ್ ಬಿಹಾರ ಮತ್ತು ಬಾಂಗ್ಲಾದೇಶದ ನಡುವೆ ಇಂಥ 162 ತುಂಡುಗಳಿದ್ದವು. ಬಾಂಗ್ಲಾದೇಶದ ಒಳಗೆ ಭಾರತದ 111, ಭಾರತದ ಒಳಗೆ ಬಾಂಗ್ಲಾದೇಶದ 51. ಹಿಂದಿನ ರಾಜರು ಚದುರಂಗದಾಟದಲ್ಲಿ ಹಳ್ಳಿಗಳನ್ನು ಪಣವಿಟ್ಟರು ಎಂಬ ಕಥೆ ಆ ಕಡೆ ಇದೆ. ಅದು ಕಥೆ. ನಿಜವೆಂದರೆ, ಕೂಚ್ ಬಿಹಾರದ ಅರಸರಿಗೂ ಮೊಗಲರಿಗೂ ಆದ ಯುದ್ಧ, ಸಂಧಿಗಳಲ್ಲಿ ಚದುರಿ ಉಳಿದ ಜಮೀನುಗಳು ಅವು. 1947ರಲ್ಲಿ ದೇಶ ಒಡೆದಾಗ ಬಾರ್ಲೆಯಲ್ಲಿ ಆದದ್ದೇ ಇಲ್ಲಿಯೂ ಆಯಿತು. ಜಮೀನಿನ ಹಂಚಿಕೆ ದೇಶದ ಗಡಿಯಾಗಿ ನಿಂತಿತು. ದಹಲಾ ಖಗ್ರಾಬಾರಿ ಎಂಬ ಒಂದು ಹೊಲವಂತೂ ಬಾಂಗ್ಲಾದೇಶದ ಒಳಗಿನ ಭಾರತದ ಒಳಗಿನ ಬಾಂಗ್ಲಾದೇಶದ ಒಳಗಿದ್ದ ಭಾರತ! ಈ ವಾಕ್ಯವನ್ನು ನಿಧಾನವಾಗಿ ಇನ್ನೊಮ್ಮೆ ಓದಿ, ಬೇಕಾದರೆ ಒಂದರೊಳಗೊಂದು ನಾಲ್ಕು ಸುತ್ತು ಬರೆದು ನೋಡಿ.

ಭೂಪಟದಲ್ಲಿ ನೋಡಿದರೆ ಬಾರ್ಲೆಗೂ ಇದಕ್ಕೂ ವ್ಯತ್ಯಾಸವಿಲ್ಲ. ಬದುಕಿನಲ್ಲಿ ಅಜಗಜಾಂತರ. ಬಾಂಗ್ಲಾದೇಶದ ನಡುವೆ ಇದ್ದ ಭಾರತದ ತುಂಡಿಗೆ ಭಾರತದ ಅಧಿಕಾರಿ ಹೋಗುವ ಹಾಗಿಲ್ಲ, ಬಾಂಗ್ಲಾದೇಶದವರಿಗೆ ಅದು ತಮ್ಮ ನೆಲವಲ್ಲ. ಹಾಗಾಗಿ ಶಾಲೆ ಇಲ್ಲ, ಆಸ್ಪತ್ರೆ ಇಲ್ಲ, ವಿದ್ಯುತ್ ಕಂಬ ಪಕ್ಕದ ಊರಿನವರೆಗೆ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಮಕ್ಕಳನ್ನು ಶಾಲೆಗೆ ಸೇರಿಸಲು ಪಕ್ಕದ ಹಳ್ಳಿಯ ಪರಿಚಿತರನ್ನು ಅಪ್ಪ ಅಮ್ಮ ಎಂದು ಬರೆಸಿದವರಿದ್ದಾರೆ. ಓದಲಿಕ್ಕಾಗಿ ಒಂದು ಮಗು ತನ್ನ ಅಪ್ಪನ ಹೆಸರನ್ನೇ ಬದಲಿಸಿ ಹೇಳಬೇಕಾದ ಸ್ಥಿತಿ ಅದು.

ನಮ್ಮೂರಿನ ಹುಡುಗಿಯ ಪ್ರಶ್ನೆಯನ್ನೇ ಅಲ್ಲಿಯೂ ಕೇಳಬಹುದಿತ್ತು. ಭಾರತದ ನೆಲದಿಂದ ಸುತ್ತುವರಿದ ದಹಗ್ರಾಮ್–ಅಂಗರಪೋತಾ ಎಂಬ ಬಾಂಗ್ಲಾದೇಶದ ತುಂಡೊಂದಿದೆ. ಅಲ್ಲಿಯವರು ತಮ್ಮ ದೇಶಕ್ಕೆ ಹೋಗಲು ಇರುವುದು ತೀನ್ ಬಿಘಾ ಎಂಬ ಕಿರುದಾರಿ. ಉದ್ದ ಇನ್ನೂರು ಮೀಟರೂ ಇಲ್ಲ. ಆ ಭೂಮಿ ಭಾರತದ್ದು. ಆ ದಾರಿ ಅವರಿಗೆ ತೆರೆದದ್ದು 1992ರ ಜೂನ್ 26ರಂದು. ಅದೂ ಹಗಲಿನ ಗೊತ್ತಾದ ಹೊತ್ತಿನಲ್ಲಿ ಮಾತ್ರ. ರಾತ್ರಿ ಗೇಟು ಹಾಕಿದರೆ ಬೆಳಗಿನವರೆಗೆ ತೆಗೆಯುವ ಹಾಗಿರಲಿಲ್ಲ. ನಮಗೆ ನೀರು, ಅವರಿಗೆ ಗೇಟು. ಆ ಗೇಟು ಹಗಲು ರಾತ್ರಿ ತೆರೆದಿರುವಂತಾದದ್ದು 2011ರಲ್ಲಿ. ಉಳಿದ ತುಂಡುಗಳ ವಿಷಯ ಬಗೆಹರಿಯಲು ಇನ್ನೂ ಕಾಯಬೇಕಾಯಿತು. 1974ರಲ್ಲೇ ಎರಡೂ ದೇಶಗಳು ಒಪ್ಪಂದ ಮಾಡಿಕೊಂಡಿದ್ದವು. ಅದು ಜಾರಿಗೆ ಬಂದದ್ದು 2015ರಲ್ಲಿ, ಅದಕ್ಕೆಂದು ನಮ್ಮ ಸಂವಿಧಾನಕ್ಕೆ 100ನೇ ತಿದ್ದುಪಡಿ ಆದ ಮೇಲೆ. ಆ ವರ್ಷ ಜುಲೈ 31ರ ನಡುರಾತ್ರಿ 162 ತುಂಡುಗಳೂ ಸುತ್ತಲಿನ ದೇಶದಲ್ಲಿ ಸೇರಿಹೋದವು. ಜನ ಅಂದು ದೀಪ ಹಚ್ಚಿದರು. ಒಪ್ಪಂದದಿಂದ ದೀಪದವರೆಗೆ 41 ವರ್ಷ.

ನಮ್ಮ ಲೆಕ್ಕ ಇನ್ನೂ ಉದ್ದ. ಅಣೆಕಟ್ಟು 1964ರಲ್ಲಿ, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ನಡುವೆ 61 ವರ್ಷ. ಸೇತುವೆ ಬೇಕೆಂದು ಅರ್ಜಿ ಕೊಟ್ಟವರು, ಪಾದಯಾತ್ರೆ ಮಾಡಿದವರು, ಧರಣಿ ಕೂತವರು ಅನೇಕರು ಅದನ್ನು ನೋಡಲು ಉಳಿಯಲಿಲ್ಲ. 2018ರಲ್ಲಿ ಶಂಕುಸ್ಥಾಪನೆ ಮಾಡಿದ ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ ಉದ್ಘಾಟನೆಗೂ ಬಂದರು. ಸುಮಾರು 2.44 ಕಿಲೋಮೀಟರ್ ಉದ್ದ, ಖರ್ಚು ಸುಮಾರು 473 ಕೋಟಿ ರೂಪಾಯಿ. ನಡುನೀರಿನಲ್ಲಿ ಎತ್ತರದ ಕಂಬಗಳಿಂದ ದಪ್ಪ ಕೇಬಲ್‌ಗಳು ಇಳಿದು ರಸ್ತೆಯನ್ನು ಹಿಡಿದುಕೊಂಡಿವೆ.

ಈಗ ದಾಟಲು ಕೆಲವೇ ನಿಮಿಷ ಸಾಕು. ರಾತ್ರಿ ಹನ್ನೆರಡಕ್ಕೂ ಆಂಬುಲೆನ್ಸ್ ಹೋಗುತ್ತದೆ. ಮಕ್ಕಳು ಜಾತ್ರೆಯ ದೀಪ ನೋಡಿ ಅದೇ ರಾತ್ರಿ ಮನೆಗೆ ಬಂದು ಮಲಗಬಹುದು. ತಾಲೂಕು ಕಚೇರಿಯವರು ನಾಲ್ಕು ಗಂಟೆಗೆ ಬನ್ನಿ ಎಂದರೆ ನಾಲ್ಕು ಗಂಟೆಗೇ ಹೋಗುತ್ತೇವೆ. ಹೊರಗಿನವರಿಗೆ ಇದು ಸಣ್ಣ ವಿಷಯ ಎನ್ನಿಸಬಹುದು. ಹೊತ್ತು ನಮ್ಮ ಕೈಗೆ ಬರುವುದೆಂದರೆ ಏನು ಎಂದು ಕಾದವರಿಗೇ ಗೊತ್ತು.

ಸೇತುವೆ ಬಂದಾಗ ಹೋದದ್ದೂ ಇದೆ. ಲಾಂಚಿನ ದಡದಲ್ಲಿ ಚಹಾ, ಮಂಡಕ್ಕಿ, ಸೌತೆಕಾಯಿ ಮಾರಿ ಸಂಸಾರ ನಡೆಸುತ್ತಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಲಾಂಚಿಗೆ ಕಾಯುವಾಗ ಊರಿನವರೆಲ್ಲ ಒಬ್ಬರಿಗೊಬ್ಬರು ಸಿಗುತ್ತಿದ್ದರು. ಯಾರ ಮನೆಯಲ್ಲಿ ಕೊನೆ ಕೊಯ್ಲು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರಿಗೆ ಹುಷಾರಿಲ್ಲ, ಎಲ್ಲ ಸುದ್ದಿ ಅಲ್ಲೇ. ಈಗ ಕಾರಿನ ಗಾಜು ಏರಿಸಿಕೊಂಡು ಸರ್ರನೆ ಹೋಗುತ್ತೇವೆ. ಆಚೆ ದಡದ ಚಿಕ್ಕಮ್ಮನ ಮನೆಯಲ್ಲಿ ಉಳಿಯುವುದೂ ಕಡಿಮೆಯಾಗಿದೆ. ಹಾಗೆಂದು ಲಾಂಚೇ ಚೆನ್ನಾಗಿತ್ತು ಎಂದು ತುಮರಿಯಲ್ಲಿ ಯಾರಾದರೂ ಹೇಳಿದರೆ ಅವರ ಮನೆಯಲ್ಲಿ ರಾತ್ರಿ ಯಾರಿಗೂ ಹುಷಾರು ತಪ್ಪಿಲ್ಲ ಎಂದು ತಿಳಿಯಬೇಕು.

ಸೇತುವೆ ದಾಟಿಸಲಾಗದ ಗೆರೆ ಇನ್ನೊಂದಿದೆ. 1960ರ ದಶಕದಲ್ಲಿ ಲಾರಿ ಹತ್ತಿ ಹೋದ ಮುಳುಗಡೆಯ ಕುಟುಂಬಗಳಲ್ಲಿ ಅನೇಕರಿಗೆ ತಾವು ಉಳುವ ಭೂಮಿ ತಮ್ಮದು ಎಂದು ತೋರಿಸುವ ಹಕ್ಕುಪತ್ರ ಇನ್ನೂ ಸಿಕ್ಕಿಲ್ಲ. ಅವರನ್ನು ಕೂರಿಸಿದ ಜಾಗ ಕಾಗದದಲ್ಲಿ ಕಾಡಾಗಿಯೇ ಉಳಿದಿದೆ. ಬಾರ್ಲೆಯಲ್ಲಿ ಒಂದೊಂದು ಹೊಲವನ್ನೂ ಹೆಸರಿಸಿ ಪಟ್ಟಿ ಮಾಡಿದರು ಎಂದು ಹೇಳಿದೆನಲ್ಲ, ಅಂಥ ತಾಳ್ಮೆ ಇಲ್ಲಿಯೂ ಬೇಕಾಗಿದೆ. ನಾಡಿಗೆ ವಿದ್ಯುತ್ ಕೊಡಲು ಮನೆ ಬಿಟ್ಟವರ ಮೊಮ್ಮಕ್ಕಳು ಈಗಲೂ ಕಚೇರಿಗಳ ಮುಂದೆ ನಿಂತಿದ್ದಾರೆ. ಅವರ ಪಾಲಿನ ಲಾಂಚ್ ಇನ್ನೂ ಬಂದಿಲ್ಲ.

ಈ ಮುಳುಗಡೆಯ ಬದುಕನ್ನು ಮಕ್ಕಳಿಗೂ ಅರ್ಥವಾಗುವಂತೆ ಬರೆದವರು ಸಾಗರದ ನಾ. ಡಿಸೋಜ. ಶರಾವತಿ ಯೋಜನೆಯ ಕಾಲದಲ್ಲಿ ಸರ್ಕಾರಿ ಕೆಲಸದಲ್ಲಿದ್ದು ಎಲ್ಲವನ್ನೂ ಹತ್ತಿರದಿಂದ ಕಂಡವರು. ಅವರ ‘ದ್ವೀಪ’ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದರು. ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಸೇತುವೆ ತೆರೆಯುವ ಆರು ತಿಂಗಳ ಮೊದಲು, 2025ರ ಜನವರಿಯಲ್ಲಿ ಅವರು ತೀರಿಕೊಂಡರು. ನೀರಿನ ಈಚೆ ತುಮರಿಯಲ್ಲೇ ಕೆ. ಜಿ. ಕೃಷ್ಣಮೂರ್ತಿಯವರ ಕಿನ್ನರ ಮೇಳ ಹುಟ್ಟಿ ಮಕ್ಕಳ ನಾಟಕ ಕಟ್ಟಿತು. ದಾರಿ ಇಲ್ಲದ ಊರಿನಿಂದ ನಾಟಕ ಹೊರಗೆ ಹೋಯಿತು ಎಂಬುದು ನಮಗೆ ಈಗಲೂ ಹೆಮ್ಮೆ. ಈ ಬೇಸಿಗೆ ರಜೆಯಲ್ಲಿ ಡಿಸೋಜರ ಆ ಪುಸ್ತಕ ಹುಡುಕಿ ಓದಿ. ದೊಡ್ಡವರೂ ಓದಬಹುದು.

ಮಕ್ಕಳೇ, ಭೂಪಟದಲ್ಲಿ ಗಡಿಗಳನ್ನು ಬಣ್ಣದ ಗೆರೆಯಲ್ಲಿ ತೋರಿಸುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಪ್ರತಿ ಊರಿನಲ್ಲೂ ಭೂಪಟದಲ್ಲಿ ಇಲ್ಲದ ಗೆರೆಗಳಿರುತ್ತವೆ. ಮಳೆಗಾಲದಲ್ಲಿ ಮುಳುಗುವ ಒಂದು ಕಿರುಸೇತುವೆ, ರಾತ್ರಿ ಬಸ್ಸು ಬರದ ಒಂದು ತಿರುವು, ಬೇಗ ಬಾಗಿಲು ಹಾಕುವ ಒಂದು ಔಷಧಿ ಅಂಗಡಿ. ಅವು ಎಲ್ಲಿವೆ ಎಂದು ಮನೆಯ ಹಿರಿಯರನ್ನು ಕೇಳಿ. ನಮ್ಮ ಐದನೇ ಕ್ಲಾಸಿನ ಹುಡುಗಿಯ ಹಾಗೆ, ಅದನ್ನು ದಾಟಲು ಕೊನೆಯ ಹೊತ್ತು ಯಾವುದು ಎಂದೂ ಕೇಳಿ. ಆ ಹೊತ್ತಿನ ಮೇಲೆ ದಾಟಬೇಕಾದವರು ನಿಮ್ಮೂರಿನಲ್ಲಿ ಯಾರು ಎಂದು ಗೊತ್ತಾದರೆ, ಮುಂದೆ ನೀವು ದೊಡ್ಡವರಾಗಿ ಎಲ್ಲಿ ಸೇತುವೆ ಕಟ್ಟಬೇಕು ಎಂಬುದೂ ಗೊತ್ತಾಗುತ್ತದೆ.